ಎರಡನೆಯ ಥರ್ಮಾಮೀಟರ್

"ಯಮುನಕ್ಕಾ, ರಾಯರ ಪತ್ರ ಬಂದೈತ್ರಿ. ಹಸಿ ಐತಿ, ಬಿಸಲಿಗೆ ಹಾಕ್ರಿ," ಎಂದು ಅಂಚೆಯ ಈರಪ್ಪ ಹೊರಟ.

ಸತ್ತವರ ಪತ್ರಗಳೆಲ್ಲ ಹೀಗೇ ಒದ್ದೆಯಾಗಿ ಬರುತ್ತವೆ. ತಾವು ಸತ್ತದ್ದು ತಿಳಿದ ದಿನ ಅವರು ಬರೆಯುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ಉತ್ತರದಲ್ಲಿ ಯಾರೂ ನಿಜ ಬರೆಯುವುದಿಲ್ಲ.

ನೀರು ಕಾಯಿಸುವ ಹೊಸ ಒಲೆ ಕಂಡುಹಿಡಿಯುತ್ತೇನೆಂದು ಪಟ್ಟಣಕ್ಕೆ ಹೋಗಿ ಅಲ್ಲೇ ತೀರಿಕೊಂಡ ಗಂಡನ ಪತ್ರವನ್ನು ಯಮುನಾಬಾಯಿ ಸಂಡಿಗೆಯ ಪಕ್ಕದಲ್ಲಿ ಒಣಗಿಸಿ ಓದಿದಳು.

"ಹಂಡೇಕ್ಕ ಕಲಾಯಿ ಮಾಡಿಸಿದಿ ಏನು? ಉಪ್ಪಿನಕಾಯಿಗೆ ಒದ್ದಿ ಸೌಟು ಹಾಕಬ್ಯಾಡ. ನೀ ಕಳಿಸಿದ ಎರಡನೇ ಥರ್ಮಾಮೀಟರೂ ನೀರು ಕುದೀಲಿಕ್ಕತ್ತದ ಅಂತನ ತೋರಸ್ತದ. ಕೈ ಅದ್ದಿದರ ಮಾತ್ರ ತಣ್ಣಗ. ಎರಡೂ ಸುಳ್ಳು ಹೇಳಲಿಕ್ಕೆ ಸಾಧ್ಯ ಇಲ್ಲ. ದೋಷ ನನ್ನ ಕೈಯಾಗ ಇರಬೇಕು. ನಮ್ಮನ್ಯಾಗ ನೀರು ಹೆಂಗದ? ಕೈ ಅದ್ದಿ ನೋಡಿ ಬರಿ."

ಪರೀಕ್ಷೆ ಮಾಡದೆ ಏನನ್ನೂ ಬರೆಯಬಾರದೆಂಬುದು ಅವನ ಕಟ್ಟಳೆ. ಅವನು ಬದುಕಿದ್ದಾಗಲೂ ಅವಳು ಅದನ್ನು ಮೀರಿದವಳಲ್ಲ. ಬಚ್ಚಲಿಗೆ ಹೋಗಿ, ಕುದಿಯುತ್ತಿದ್ದ ಹಂಡೆಯೊಳಗೆ ಬಲಗೈ ಅದ್ದಿದಳು.

ಆಮೇಲೆ ಬೊಬ್ಬೆಯೆದ್ದ ಬೆರಳುಗಳಲ್ಲಿ ಪೆನ್ನು ಹಿಡಿದು ಬರೆದಳು:

"ಅದ್ದಿ ನೋಡಿದೆ. ಇಲ್ಲೂ ತಣ್ಣಗನ ಅದರಿ. ನಿಮ್ಮ ಕೈಗೆ ಏನೂ ಆಗಿಲ್ಲ."