ಹೆಬ್ಬೆಟ್ಟಿನ ಗುರುತು

ಎರಡು ವರ್ಷ ಅಟ್ಟದಲ್ಲಿದ್ದ ಅತ್ತೆಯ ಕಾಲದ ದೀಪಕ್ಕೆ ಹುಣಸೆಹಣ್ಣು ಹಚ್ಚಿ ಅವಳು ಉಜ್ಜುತ್ತಿದ್ದಳು. ಪಕ್ಕದಲ್ಲಿ ಕೂತ ಮಗಳು, ಅಮ್ಮ ಬರೆದುಕೊಟ್ಟ ಸಾಲನ್ನು ನೋಡಿಕೊಂಡು ಕಾಪಿ ಬರೆಯುತ್ತಿದ್ದಳು.

ಅಷ್ಟರಲ್ಲಿ, ಎರಡು ವರ್ಷದ ಹಿಂದೆ ಅಮ್ಮನನ್ನು ಮತಾಂತರ ಮಾಡಿದ್ದ, ಊರಲ್ಲಿ ಆಸ್ಪತ್ರೆ, ಶಾಲೆ ನಡೆಸುವ ಹಿರಿಯರು ಬಂದರು. ಊರನ್ನೆಲ್ಲ ಉದ್ಧಾರ ಮಾಡಿ ದಣಿದವರಂತೆ ಕುರ್ಚಿಗೆ ಒರಗಿದರು.

"ಮತ್ತೆ ಹಳೇ ದೇವರಿಗೇ ಹೋದೆಯಂತೆ. ಯಾರಮ್ಮ ಬಲವಂತ ಮಾಡಿದ್ದು?"

"ಯಾರೂ ಇಲ್ಲ ಸಾರ್. ನಾನೇ ಬಂದೆ."

"ಅವತ್ತು ನಮ್ಮಲ್ಲಿಗೂ ನೀನೇ ಬಂದದ್ದು."

"ಅವತ್ತು ಜ್ವರ ಏರಿ ನಿಮ್ಮ ಆಸ್ಪತ್ರೆಯಲ್ಲಿ ಮಲಗಿದ್ದೆ. ನನಗೆ ಎಚ್ಚರವೇ ಇರಲಿಲ್ಲ."

ಅವರು ನಕ್ಕು, ಜೇಬಿನಿಂದ ಕಾಗದ ತೆಗೆದು ಬಿಡಿಸಿದರು. "ಎಚ್ಚರ ಇಲ್ಲದವಳು ಇದಕ್ಕೆ ಹೇಗೆ ಒಪ್ಪಿದೆ? 'ಸ್ವಂತ ಇಚ್ಛೆಯಿಂದ ಮತ ಬದಲಿಸಿದ್ದೇನೆ.' ಕೆಳಗಿರುವುದು ನಿನ್ನದೇ ಗುರುತು. ಸುಮ್ಮನೆ ದೀಪ ಅಟ್ಟಕ್ಕೆ ಹಾಕು. ಇಲ್ಲದಿದ್ದರೆ ನಾಳೆಯಿಂದ ಮಗಳಿಗೆ ನಮ್ಮ ಶಾಲೆಯಿಲ್ಲ."

ಅವಳ ಕೈ ದೀಪದ ಮೇಲೆಯೇ ನಿಂತಿತು.

ಮಗಳು ಎದ್ದು ಬಂದು ಕಾಗದದ ಮೇಲೆ ಬಗ್ಗಿದಳು. ಕೆಳಗಿದ್ದ ನೀಲಿ ಹೆಬ್ಬೆಟ್ಟಿನ ಗುರುತನ್ನು ನೋಡಿದಳು, ತನ್ನ ಕಾಪಿ ಪುಸ್ತಕದ ಮೊದಲ ಸಾಲನ್ನೂ ನೋಡಿದಳು.

"ಅಂಕಲ್, ನನಗೆ ಅಕ್ಷರ ಕಲಿಸೋ ಅಮ್ಮ ಇಲ್ಲಿ ಯಾಕೆ ಹೆಬ್ಬೆಟ್ಟು ಒತ್ತಿದಾಳೆ?"