ಹಿಂದಿನ ಸೀಟಿನ ದಾರಿ

ಬೀದಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಶುರುವಾದ ದಿನ ಬೆಳಿಗ್ಗೆ ದರ್ಜಿ ತನ್ನ ಮನೆಯ ಬಾಗಿಲು ತೆಗೆದರೆ, ಎದುರಿಗೆ ಇನ್ನೊಂದು ಬಾಗಿಲು. ಅದು ಬಿಳಿ ಎಲೆಕ್ಟ್ರಿಕ್ ಕಾರಿನದು. ಹೊಸಿಲಿಗೂ ಕಾರಿಗೂ ನಡುವೆ ಒಂದು ಗೇಣು ಜಾಗ, ಬೆಕ್ಕಾದರೆ ನುಸುಳಬಹುದಿತ್ತು. ಹಿತ್ತಲ ಬಾಗಿಲೆಂಬುದು ಆ ಮನೆಗಿರಲಿಲ್ಲ. ದರ್ಜಿ ಕಿಟಕಿಯಿಂದಲೇ ಸ್ಟೇಷನ್ನಿನ ಇಂಜಿನಿಯರನ್ನು ಕೂಗಿದ.

"ಸಾರ್, ನಾವು ಹೊರಗೆ ಬರೋದು ಹೇಗೆ?"

"ಗಾಡಿ ಏನು ಇಲ್ಲೇ ಸಂಸಾರ ಹೂಡುತ್ತೇನ್ರೀ? ಚಾರ್ಜ್ ಆದ್ಮೇಲೆ ಹೋಗುತ್ತೆ."

"ಅದು ಹೋದ್ರೆ ಇನ್ನೊಂದು ಬರುತ್ತಲ್ಲ ಸಾರ್."

"ಬರಲಿ ಅಂತಾನೇ ಅಲ್ವಾ ಕಟ್ಟಿರೋದು!"

ಕೊನೆಗೆ ದಾರಿ ಕಂಡುಹಿಡಿದವಳು ದರ್ಜಿಯ ತಾಯಿ. ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದು, ಬೆಳಕಿದೆಯೋ ಇಲ್ಲವೋ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಕೇಬಲ್ ಹಾಕಲೆಂದು ಹೊಸಿಲಿನ ಮುಂದೆಯೇ ತೋಡಿದ್ದ ಗುಂಡಿಗೆ ಬಿದ್ದು ಸೊಂಟ ನೋಯಿಸಿಕೊಂಡ ಮೇಲಂತೂ ಆಕೆ ಹೊರಗೆ ಕಾಲಿಟ್ಟಿರಲಿಲ್ಲ. ಈಗ ಕೈ ಚಾಚಿದರೆ ಗಟ್ಟಿಮುಟ್ಟಾದ ಕಾರು ಸಿಕ್ಕಿತು. ಹಿಡಿಕೆ ತಡವಿ ಕಾರಿನ ಬಾಗಿಲನ್ನು ಮನೆಯೊಳಕ್ಕೇ ಎಳೆದು ತೆಗೆದಳು, ಹಿಂದಿನ ಸೀಟಿನಲ್ಲಿ ಕೂತಳು, ಮೆಲ್ಲಗೆ ಜರುಗಿ ಆಚೆ ಕಡೆಯ ಬಾಗಿಲಿನಿಂದ ಬೀದಿಗೆ ಇಳಿದೇಬಿಟ್ಟಳು. ಮುಂದೆ ಮೊಬೈಲ್ ನೋಡುತ್ತ ಕೂತಿದ್ದವನು ಹೌಹಾರಿದ.

"ಅಮ್ಮಾ, ಇದು ನನ್ನ ಕಾರು!"

"ಇರಲಿ ಬಿಡಪ್ಪ, ಚೆನ್ನಾಗೇ ಇದೆ."

ಅಂದಿನಿಂದ ಅದೇ ದಾರಿಯಾಯಿತು. ದರ್ಜಿಯ ಗಿರಾಕಿಗಳು ಬಟ್ಟೆಯ ಗಂಟು ಹಿಡಿದು ಯಾರದೋ ಕಾರು ಹತ್ತಿ ಇಳಿದು ಒಳಗೆ ಬಂದರು. ಕಾರಿನವರೂ ಒಗ್ಗಿಕೊಂಡರು, ಕೆಲವರು ಚಾರ್ಜ್ ಆಗುವಷ್ಟರಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಿಕೊಂಡು ಹೋದರು. ಮುದುಕಿ ದಿನಕ್ಕೆರಡು ಬಾರಿ ಸುಮ್ಮಸುಮ್ಮನೆ ಹೊರಗೆ ಹೋಗಿ ಬರತೊಡಗಿದಳು. ಯಾವ ಕಾರಿನ ಸೀಟು ಮೆತ್ತಗೆ, ಯಾವುದು ಒರಟು ಎಂಬ ತೀರ್ಪೂ ಕೊಡುತ್ತಿದ್ದಳು.

ಅಷ್ಟರಲ್ಲಿ ಕಣ್ಣಿನ ಆಪರೇಷನ್ನಿಗೆ ದಿನ ಗೊತ್ತಾಯಿತು. ಆಸ್ಪತ್ರೆ ಪಕ್ಕದ ಬೀದಿಯಲ್ಲೇ ಇತ್ತು, ಆದರೆ ಈ ಸರದಿ ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ಕಣ್ಣು ಪೂರ್ತಿ ಹೋಗಿರುತ್ತದೆ ಎಂದು ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಅವತ್ತೇ ಯಾರಾದರೂ ಕಾರಿಗೆ ಬೀಗ ಹಾಕಿಕೊಂಡು ತಿಂಡಿಗೆ ಹೋದರೆ ಏನು ಗತಿ? ದರ್ಜಿಗೆ ನಿದ್ದೆ ಹತ್ತಲಿಲ್ಲ. ಇಂಜಿನಿಯರನ ಬೆನ್ನು ಬಿದ್ದು, ಕಾಡಿ ಬೇಡಿ, ಆ ಒಂದು ಬೆಳಿಗ್ಗೆ ಬಾಗಿಲ ಮುಂದೆ ಯಾವ ಗಾಡಿಯೂ ನಿಲ್ಲದಂತೆ ಹಗ್ಗ ಕಟ್ಟಿಸಿದ.

ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ಬೀದಿ ಕಣ್ಣೆದುರಿಗಿತ್ತು. ಬಿಸಿಲು ಹೊಲಿಗೆ ಯಂತ್ರದವರೆಗೂ ಬಂದು ಬಿದ್ದಿತ್ತು. ಇಸ್ತ್ರಿ ಮಾಡಿದ ಬಟ್ಟೆ ಉಟ್ಟ ತಾಯಿ ಹೊಸಿಲ ಬಳಿ ನಿಂತು ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ.

"ಕಾರೆಲ್ಲೋ?"

"ಕಾರಿಲ್ಲಮ್ಮ. ಎಲ್ಲಾ ಖಾಲಿ ಮಾಡಿಸಿದೀನಿ."

"ಖಾಲಿ ಅಂದ್ರೆ ಗುಂಡಿ ತಾನೇ?"

"ಗುಂಡಿ ಮುಚ್ಚಿ ಯಾವ ಕಾಲ ಆಯ್ತಮ್ಮ! ಇಷ್ಟು ದಿನ ನೀನು ದಾಟಿದ್ದು ಅದರ ಮೇಲೇನೇ."

"ಅದರ ಮೇಲೆ ನಿಂತಿದ್ದು ಕಾರು ಕಣೋ, ನಾನಲ್ಲ."

ಕೈ ಹಿಡಿದು ಎಳೆದರೆ ಮುದುಕಿ ಬಾಗಿಲ ಚೌಕಟ್ಟನ್ನೇ ಅಪ್ಪಿಕೊಂಡಳು. ಗಲಾಟೆ ಕೇಳಿ ಬಂದ ಇಂಜಿನಿಯರ್, ನೆಲ ಗಟ್ಟಿಯಿದೆ ಎಂದು ತೋರಿಸಲು ಹೊಸಿಲ ಮುಂದೆ ಎರಡೂ ಕಾಲೆತ್ತಿ ಕುಪ್ಪಳಿಸಿದ.

"ಕೇಳಿಸ್ತಾ ಅಮ್ಮ? ನಾನೇ ಕುಣೀತಿದೀನಿ!"

"ನಿನ್ನ ಸೊಂಟ, ನಿನ್ನಿಷ್ಟ ಕಣಪ್ಪ," ಎಂದು ಆಕೆ ಒಳಗೆ ಹೋಗಿ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂತಳು. "ಕಾರು ಬಂದ್ಮೇಲೆ ಕರೀರಿ."

ಆಸ್ಪತ್ರೆಯಿಂದ ಫೋನ್ ಬಂತು. ಮುಂದಿನ ಸರದಿ ಆಕೆಯದೇ. ದರ್ಜಿಗೆ ಅಳುವೇ ಬಂದಿತು. ಇಂಜಿನಿಯರ್ ತಾನೇ ಕಟ್ಟಿದ್ದ ಹಗ್ಗವನ್ನು ಕಿತ್ತೆಸೆದ. ಆದರೆ ಹಗ್ಗ ನೋಡಿ ಚಾರ್ಜಿಗೆ ಬಂದ ಗಾಡಿಗಳೆಲ್ಲ ಆಗಲೇ ತಿರುಗಿ ಹೋಗಿದ್ದವು. ಇಬ್ಬರೂ ರಸ್ತೆಯ ಮಧ್ಯೆ ನಿಂತು ಬಂದ ಬಂದ ಗಾಡಿಗೆಲ್ಲ ಕೈ ಅಡ್ಡ ಹಿಡಿದರು. ಹಾರನ್ ಹೊಡೆದು ಬೈದವರೇ ಹೆಚ್ಚು. ಕೊನೆಗೊಂದು ಹಳೆಯ ಕಾರು ಹೊಗೆ ಉಗುಳುತ್ತ ನಿಂತಿತು.

"ಇದು ಪೆಟ್ರೋಲ್ ಗಾಡಿ ಕಣ್ರೀ," ಎಂದ ಕಾರಿನವನು, ಸ್ಟೇಷನ್ನಿನ ಬೋರ್ಡು ನೋಡಿ.

"ಪರವಾಗಿಲ್ಲ ಸಾರ್, ಗೋಡೆಗೆ ಒತ್ತಿ ನಿಲ್ಲಿಸಿ," ಎಂದು ಇಂಜಿನಿಯರ್ ಕೈ ಮುಗಿದ. "ಒಳಗೆ ಒಬ್ಬರು ವಯಸ್ಸಾದವರಿದಾರೆ."

ಕಾರಿನವನು ಒಳ್ಳೆಯವನು. ಕೂಡಲೇ ಹಿಂದಿನ ಸೀಟಿನ ಮೇಲಿದ್ದ ಸಾಮಾನು ತೆಗೆದು ಜಾಗ ಮಾಡಿದ.

"ಪಾಪ, ಎಲ್ಲಿಗೆ ಬಿಡಬೇಕು ಹೇಳಿ."

"ಎಲ್ಲಿಗೂ ಬೇಡ ಸಾರ್," ಎಂದ ದರ್ಜಿ. "ಮನೆಯಿಂದ ಆಚೆ ಬಿಟ್ರೆ ಸಾಕು."