ಪಟ್ಟಿಗೆ ಸೇರದ ಹಾಡು

ಪ್ರತಿ ಡಿಸೆಂಬರಿನಲ್ಲೂ ಅವರು ವರ್ಷದ ಹತ್ತು ಒಳ್ಳೆಯ ಹಾಡುಗಳನ್ನು ಆರಿಸಿ ಪತ್ರಿಕೆಗೆ ಬರೆಯುತ್ತಿದ್ದರು. ಈ ಸಲ ಆರನೆಯದಕ್ಕೇ ಪೆನ್ನು ಮುಚ್ಚಿ, ‘ಹಾಡು ಇಷ್ಟೇ, ಉಳಿದದ್ದು ಗಲಾಟೆ’ ಎಂದು ಷರಾ ಹಾಕಿದರು.

“ರೀ, ಆ ಕುಕ್ಕರ್ ಹಾಡು ಸೇರಿಸಿ. ಊರೆಲ್ಲಾ ಅದಕ್ಕೇ ಕುಣೀತಿದೆ,” ಎಂದಳು ಹೆಂಡತಿ, ಕಾಫಿ ಇಡುತ್ತಾ.

“ಅದು ಹಾಡೇನೇ? ನಡುನಡುವೆ ಕುಕ್ಕರ್ ಸೀಟಿ ಹೊಡಿಯುತ್ತೆ! ಬರೆದವನಿಗೆ ಕನ್ನಡ ಬರಲ್ಲ, ಹಾಡಿದವನಿಗೆ ಶ್ರುತಿ ಬರಲ್ಲ, ಕೇಳೋರಿಗೆ ನಾಚಿಕೆ ಬರಲ್ಲ.”

“ನಂಗಿಷ್ಟ.”

“ನಿನ್ನ ರುಚಿ ಗೊತ್ತಿಲ್ವಾ? ಉಪ್ಪಿಟ್ಟಿಗೆ ಸಕ್ಕರೆ ಹಾಕ್ಕೊಂಡು ತಿನ್ನೋಳು.”

ಅವಳು ನಕ್ಕಳು. “ಒಂದ್ಸಲ ಪೂರ್ತಿ ಕೇಳಿ ನೋಡಿ.”

“ಪೂರ್ತಿನಾ? ನನ್ನ ಹೆಣದ ಮುಂದೆ ಅದನ್ನ ಬಾರಿಸಿದ್ರೂ ಎದ್ದು ಬಂದು ನಿಲ್ಲಿಸ್ತೀನಿ, ನೋಡ್ತಿರು.”

ಸಂಕ್ರಾಂತಿಗೆ ಮೊದಲೇ, ಒಂದು ಬೆಳಗ್ಗೆ ಎದೆನೋವೆಂದು ಮಲಗಿದವರು ಏಳಲಿಲ್ಲ.

ಆ ಬೀದಿಯ ಪದ್ಧತಿಯಂತೆ ಚಟ್ಟದ ಮುಂದೆ ಬ್ಯಾಂಡಿನವರು ನಿಂತು ದೇವರ ಹಾಡು ಶುರುಮಾಡಿದರು. ಹೆಂಡತಿ ಅವರನ್ನು ತಡೆದು, ಕುಕ್ಕರ್ ಹಾಡು ಬಾರಿಸಿ ಎಂದಳು. ಬ್ಯಾಂಡಿನವರು ಮುಖ ಮುಖ ನೋಡಿಕೊಂಡು ಬಾರಿಸಿದರು. ನೆರೆದ ಜನ ಬಾಯಿ ಮೇಲೆ ಕೈಯಿಟ್ಟುಕೊಂಡರು.

“ಥೂ, ನಮ್ಮಣ್ಣ ಹೋಗಿದ್ದೇ ಹಬ್ಬ ಇವಳಿಗೆ,” ಎಂದು ನಾದಿನಿ ಎಲ್ಲರಿಗೂ ಕೇಳುವಂತೆಯೇ ಅಂದಳು.

ಹಾಡು ಮುಗಿಯಿತು. ಅಷ್ಟು ಹೊತ್ತೂ ಗಂಡನ ಮುಖವನ್ನೇ ನೋಡುತ್ತಿದ್ದವಳು ಬ್ಯಾಂಡಿನವರ ಕಡೆ ತಿರುಗಿದಳು.

“ಇನ್ನೊಂದ್ಸಲ ಬಾರಿಸ್ರಪ್ಪಾ. ಇನ್ನೂ ಜೋರಾಗಿ.”